ವಾರಾಂತ್ಯದ ಅಜ್ಞಾತವಾಸಿ

ಪಾಂಡವರಿಗೆ ಹನ್ನೆರಡು ವರ್ಷ ವನವಾಸ, ಅದರ ಮೇಲೊಂದು ವರ್ಷ ಅಜ್ಞಾತವಾಸ. ಆ ಒಂದು ವರ್ಷದಲ್ಲಿ ಯಾರಾದರೂ ಗುರುತು ಹಿಡಿದರೆ ಮತ್ತೆ ಹನ್ನೆರಡು ವರ್ಷ ಕಾಡು. ಈ ಕರಾರನ್ನು ಈಗಿನ ಅಜ್ಞಾತವಾಸಿಗಳಿಗೂ ಹಾಕಿದ್ದರೆ ಬೆಂಗಳೂರಿನ ಅರ್ಧ ಸಾಫ್ಟ್‌ವೇರ್ ಉದ್ಯಮ ದಂಡಕಾರಣ್ಯದಲ್ಲಿ ನಡೆಯಬೇಕಾಗುತ್ತಿತ್ತು. ಏಕೆಂದರೆ ಇವರ ಅಜ್ಞಾತವಾಸ ಶುಕ್ರವಾರ ರಾತ್ರಿ ಆನಂದರಾವ್ ಸರ್ಕಲ್ಲಿನಲ್ಲಿ ಸ್ಲೀಪರ್ ಬಸ್ಸು ಹತ್ತುವ ಫೋಟೊದೊಂದಿಗೆ ಆರಂಭವಾಗಿ, ಸೋಮವಾರ ಬೆಳಗ್ಗೆ ಅದೇ ಸರ್ಕಲ್ಲಿನಲ್ಲಿ ಚಪ್ಪಲಿಯ ಮರಳು ಕೊಡವುವ ಫೋಟೊದೊಂದಿಗೆ ಮುಗಿಯುತ್ತದೆ. ನಡುವೆ ನಡೆದದ್ದೆಲ್ಲ ಆಫೀಸಿನ ಕಾಫಿ ಯಂತ್ರದ ಮುಂದೆ ಸವಿಸ್ತಾರವಾಗಿ ಪ್ರಕಟವಾಗುತ್ತದೆ.

ಇವರನ್ನು ನೀವು ಬಲ್ಲಿರಿ. ವಯಸ್ಸು ಮೂವತ್ತೈದು ದಾಟಿದೆ. ಸಂಬಳ ನೆಟ್ಟಗಿದೆ, ಬೆನ್ನು ನೆಟ್ಟಗಿಲ್ಲ. ಮಣಿಕಟ್ಟಿನಲ್ಲಿ ಎದೆಬಡಿತ ಎಣಿಸುವ ಗಡಿಯಾರ. ಮಾತಿಗೆ ಕೂತರೆ ಹತ್ತನೇ ನಿಮಿಷಕ್ಕೆ "ಎಲ್ಲಾ ಬಿಟ್ಟು ಸಮುದ್ರದ ದಡದಲ್ಲಿ ಒಂದು ಗುಡಿಸ್ಲು ಹಾಕ್ಕೊಂಡು ಇದ್ಬಿಡ್ಬೇಕು ಸಾರ್" ಎನ್ನುತ್ತಾರೆ. ಎಲ್ಲಾ ಎಂದರೆ ಯಾವ್ಯಾವುದು ಎಂದು ಕೇಳಬಾರದು. ಕೇಳಿದರೆ ಮನೆಸಾಲದ ಕಂತು, ಮಗಳ ಸ್ಕೂಲು, ಹೆಂಡತಿಯ ಅಭಿಪ್ರಾಯ ಒಂದೊಂದಾಗಿ ಹೊರಬಂದು ಗುಡಿಸಲು ಅಲ್ಲೇ ಕುಸಿಯುತ್ತದೆ. ಹಾಗಾಗಿ ಎಲ್ಲವನ್ನೂ ಎರಡು ದಿನದ ಮಟ್ಟಿಗೆ ಬಿಡುತ್ತಾರೆ. ಇದನ್ನು ಪ್ರವಾಸ ಎಂದು ಮಾತ್ರ ಕರೆಯಬೇಡಿ, ಸಿಟ್ಟು ಬರುತ್ತದೆ. ಪ್ರವಾಸ ಹೋಗುವವರು ಪುಳಿಯೋಗರೆ ಕಟ್ಟಿಕೊಂಡು ಟೆಂಪೊ ಟ್ರಾವೆಲರ್‌ನಲ್ಲಿ ಮುರುಡೇಶ್ವರಕ್ಕೆ ಹೋಗುವವರು. ಇವರು ಹೋಗುವುದು 'ಡಿಸ್ಕನೆಕ್ಟ್' ಆಗಲು.

ಅದಕ್ಕೆ ಇವರ ಬಳಿ ಒಂದು ಊರಿದೆ. ರಸ್ತೆ ಇಲ್ಲ, ಕರೆಂಟಿಲ್ಲ, ಮೊಬೈಲಿಗೆ ರೇಂಜ್ ಇಲ್ಲ. ಗಂಗಾವಳಿ ಮತ್ತು ಅಘನಾಶಿನಿ ನದಿಗಳು ಸಮುದ್ರ ಸೇರುವ ಜಾಗಗಳ ನಡುವೆ, ಗೋಕರ್ಣದ ಆಚೆಗೀಚೆಗೆ ಎಲ್ಲೋ. ಹೆಸರು ಬರೆಯುವುದಿಲ್ಲ. "ಯಾರಿಗೂ ಹೇಳ್ಬೇಡಿ ಸಾರ್, ನಿಮಗೆ ಮಾತ್ರ ಹೇಳ್ತಾ ಇದೀನಿ" ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಇದೇ ಮಾತನ್ನು ಅಕೌಂಟ್ಸ್ ವಿಭಾಗದವರಿಂದಲೂ, ಸೆಕ್ಯುರಿಟಿಯವರಿಂದಲೂ, ತಮ್ಮ ಹಲ್ಲಿನ ಡಾಕ್ಟರಿಂದಲೂ ತೆಗೆದುಕೊಂಡಿದ್ದಾರೆಂದು ಆಮೇಲೆ ತಿಳಿಯಿತು. ಡಾಕ್ಟರು ಕುಟುಂಬ ಸಮೇತ ಹೋಗಿ ಬಂದರು. ಅವರು ಹೋಗಿ ಬಂದದ್ದು ತಿಳಿದ ದಿನ ನಮ್ಮ ಅಜ್ಞಾತವಾಸಿ ಊಟ ಬಿಟ್ಟರು. "ಹಾಳಾಯ್ತು ಸಾರ್, ಆ ಜಾಗ ಮುಗೀತು."

ಜಾಗ ಹಾಳಾಗುವುದು ಇವರ ಪುರಾಣದಲ್ಲಿ ಬಹಳ ಮುಖ್ಯವಾದ ಘಟನೆ. ಅದಕ್ಕೊಂದು ವಂಶಾವಳಿಯೇ ಇದೆ. ಮೊದಲು ಗೋವಾದ ಕಲಂಗುಟ್ ಚೆನ್ನಾಗಿತ್ತಂತೆ. ಹಿಪ್ಪಿಗಳು ಬಂದರು, ಹೋಟೆಲುಗಳು ಬಂದವು, ಹಾಳಾಯಿತು. ಆಮೇಲೆ ಅಂಜುನಾ, ಅಲ್ಲಿ ಬುಧವಾರದ ಸಂತೆ ಶುರುವಾಗಿ ಹಾಳಾಯಿತು. ಆಮೇಲೆ ದಕ್ಷಿಣಕ್ಕೆ ಸರಿದು ಪಾಲೋಲೆಂ, ಅದೂ ಹೋಯಿತು. ಗಡಿ ದಾಟಿ ಗೋಕರ್ಣಕ್ಕೆ ಬಂದರು. ಊರಿನ ದೊಡ್ಡ ಬೀಚಿನಲ್ಲಿ ಯಾತ್ರಿಕರ ಗದ್ದಲವೆಂದು ಗುಡ್ಡ ಹತ್ತಿ ಕುಡ್ಲೆಗೆ, ಕುಡ್ಲೆ ತುಂಬಿತೆಂದು ಓಂ ಬೀಚಿಗೆ, ಓಂ ಬೀಚಿಗೆ ಕಾರು ಬಂತೆಂದು ಹಾಫ್ ಮೂನ್‌ಗೆ, ಅಲ್ಲಿಂದ ಪ್ಯಾರಡೈಸ್‌ಗೆ. ಪ್ರತಿ ತಲೆಮಾರಿನವರೂ ಹಿಂದಿನ ಕೊಲ್ಲಿಯನ್ನು ಹಾಳಾಯಿತೆಂದು ಘೋಷಿಸಿ ಮುಂದಿನ ಕೊಲ್ಲಿಗೆ ಇಳಿದಿದ್ದಾರೆ. ಹಾಳು ಮಾಡಿದವರು ಯಾರೆಂದು ಕೇಳಿದರೆ ಎಲ್ಲರೂ ತಮ್ಮ ನಂತರ ಬಂದವರ ಕಡೆ ಕೈ ತೋರಿಸುತ್ತಾರೆ.

ಗುಟ್ಟು ರಟ್ಟಾದದ್ದು ಯಾವಾಗಿನಿಂದ ಎಂದು ಹುಡುಕುತ್ತ ಹೋದರೆ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ. ಕಾಳಿದಾಸನೇ ಇದನ್ನು ಬಯಲು ಮಾಡಿದ್ದಾನೆ. ರಘುವಂಶದ ಎಂಟನೆಯ ಸರ್ಗದಲ್ಲಿ ನಾರದರು ವೀಣೆ ಹಿಡಿದು ಆಕಾಶಮಾರ್ಗದಲ್ಲಿ ಹೊರಟಿದ್ದು ದಕ್ಷಿಣ ಸಮುದ್ರದ ತೀರದ ಗೋಕರ್ಣಕ್ಕೇ. ದಾರಿಯಲ್ಲಿ ವೀಣೆಯ ಹೂಮಾಲೆ ಗಾಳಿಗೆ ಹಾರಿ ಕೆಳಗೆ ಬಿತ್ತು, ಅದು ತಾಗಿ ಅಜನ ರಾಣಿ ಇಂದುಮತಿ ತೀರಿಕೊಂಡಳು. ಗೋಕರ್ಣಕ್ಕೆ ಹೋಗುವವರು ದಾರಿಯಲ್ಲಿ ಕೈಯಲ್ಲಿದ್ದದ್ದನ್ನು ಬೀಳಿಸಿ ಹೋಗುವುದಕ್ಕೆ ಇಷ್ಟು ಹಳೆಯ ಆಧಾರ ಬೇರೆಲ್ಲೂ ಸಿಗಲಾರದು. ನಾರದರಿಗಿಂತ ಮುಂಚಿನ ಪ್ರವಾಸಿ ರಾವಣ. ಲಗೇಜನ್ನು ಗುರುತು ಪರಿಚಯವಿಲ್ಲದ ಹುಡುಗನ ಕೈಗೆ ಕೊಟ್ಟು ಸಂಧ್ಯಾವಂದನೆಗೆ ಹೋದ. ಹುಡುಗ ಗಣಪತಿ, ಲಗೇಜು ಆತ್ಮಲಿಂಗ. ಇವತ್ತಿಗೂ ಅದು ಮಹಾಬಲೇಶ್ವರನಾಗಿ ಅಲ್ಲೇ ಇದೆ. ಇನ್ನು ನಮ್ಮ ಕಾಲಕ್ಕೆ ಬಂದರೆ, ಯಶವಂತ ಚಿತ್ತಾಲರು 1928ರಲ್ಲಿ ಹುಟ್ಟಿದ ಹನೇಹಳ್ಳಿ ಅಲ್ಲೇ ಹತ್ತಿರದಲ್ಲಿದೆ. ಅದರ ಓಣಿ, ಬೇಣ, ಹಿತ್ತಿಲುಗಳನ್ನು ಕನ್ನಡದ ಓದುಗರು ಎಷ್ಟೋ ದಶಕಗಳಿಂದ ಸುತ್ತುತ್ತಿದ್ದಾರೆ. ಗೌರೀಶ ಕಾಯ್ಕಿಣಿ, ಜಯಂತ ಕಾಯ್ಕಿಣಿ ಗೋಕರ್ಣದವರೇ. ಇಷ್ಟೆಲ್ಲ ಆದ ಮೇಲೂ ಆ ಸೀಮೆಯನ್ನು ತಾವು 2011ರಲ್ಲಿ ಕಂಡುಹಿಡಿದೆವೆಂದು ನಂಬಲು ಒಂದು ಬಗೆಯ ಧೈರ್ಯ ಬೇಕು.

ಆ ಧೈರ್ಯವನ್ನು ಹತ್ತಿರದಿಂದ ನೋಡಬೇಕೆಂದು ಒಮ್ಮೆ ಅವರ ಜೊತೆ ಹೊರಟೆ.

ಬೆಂಗಳೂರಿನಿಂದ ಸುಮಾರು 500 ಕಿಲೋಮೀಟರ್. ಬೆಳಗ್ಗೆ ಹೆದ್ದಾರಿಯ ಮಾದನಗೇರಿ ಕ್ರಾಸಿನಲ್ಲಿ ಬಸ್ಸು ಒಳಕ್ಕೆ ತಿರುಗಿತು. ಗೋಕರ್ಣದಲ್ಲಿಳಿದು ಚಹಾ ಕುಡಿದು, ದೋಣಿಯಲ್ಲಿ ಹೋಗೋಣವೇ ಎಂದೆ. ಅಜ್ಞಾತವಾಸಿ ನೊಂದುಕೊಂಡರು. ದೋಣಿಯಲ್ಲಿ ಹೋಗುವವರು ಟೂರಿಸ್ಟುಗಳು, ನಾವು ನಡೆಯಬೇಕು. ಸರಿ, ಚಿರೇಕಲ್ಲಿನ ಗುಡ್ಡ ಹತ್ತಿ, ಇಳಿದು, ಮತ್ತೆ ಹತ್ತಿ, ಬಂಡೆ ಹಿಡಿದು ತೆವಳಿ ಹೋದೆವು. ಅವರ ಬೆನ್ನಿನ ಚೀಲದಲ್ಲಿ 20,000 ಎಂಎಎಚ್ ಪವರ್ ಬ್ಯಾಂಕ್ ಎರಡು, ತಲೆಗೆ ಕಟ್ಟುವ ಟಾರ್ಚು, ಬಿಸಿಲಿನಲ್ಲಿ ಚಾರ್ಜಾಗುವ ಲಾಟೀನು, ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಫ್ಯಾನು, ಮರಕ್ಕೆ ಕಟ್ಟುವ ಜೋಲಿ, 'ಏನಾದ್ರೂ ಅರ್ಜೆಂಟ್ ಬಂದ್ರೆ ಇರ್ಲಿ' ಎಂದು ಲ್ಯಾಪ್‌ಟಾಪು. ಪಾಂಡವರು ಆಯುಧಗಳನ್ನು ಶಮೀವೃಕ್ಷದ ಮೇಲಿಟ್ಟು ಬರಿಗೈಯಲ್ಲಿ ವಿರಾಟನ ಊರಿಗೆ ಹೋದರು. ಇವರು ಶಮೀವೃಕ್ಷವನ್ನೇ ಹೊತ್ತು ನಡೆಯುತ್ತಿದ್ದರು. ನಾವು ಏದುಸಿರು ಬಿಡುತ್ತ ಆ ಊರಿನ ಮರಳಿಗೆ ಇಳಿಯುವ ಹೊತ್ತಿಗೆ, ಎರಡು ಗ್ಯಾಸ್ ಸಿಲಿಂಡರು, ಒಂದು ಮೂಟೆ ಅಕ್ಕಿ, ಮೂರು ಕೇಸು ನೀರಿನ ಬಾಟಲಿ ಇಳಿಸಿ ಖಾಲಿ ದೋಣಿ ವಾಪಸು ಹೋಗುತ್ತಿತ್ತು. ಬಾಟಲಿ ನಮಗಾಗಿ. ಊರವರು ಬಾವಿ ನೀರು ಕುಡಿಯುತ್ತಾರೆ.

ಊರೆಂದರೆ ಏಳೆಂಟು ಮನೆ, ತೆಂಗಿನ ಮರ, ಮಗುಚಿ ಹಾಕಿದ ದೋಣಿಗಳು, ಮಡಲು ಹೊದೆಸಿದ ನಾಲ್ಕಾರು ಬಾಡಿಗೆ ಗುಡಿಸಲು. ನಮಗೆ ಗುಡಿಸಲು ಕೊಟ್ಟದ್ದು ಒಬ್ಬ ಅಜ್ಜಿ. ಅಜ್ಜಿಯ ಮನೆ ಮಾಡಿನ ಮೇಲೆ ಸಣ್ಣದೊಂದು ಸೋಲಾರ್ ಹಲಗೆಯಿತ್ತು, ಒಳಗೆ ಎರಡು ಬಲ್ಬು ಉರಿಯುತ್ತಿದ್ದವು. ನಮ್ಮ ಗುಡಿಸಲಿಗೆ ಮಾತ್ರ ಚಿಮಣಿ ದೀಪ. ಇದೇಕೆ ಎಂದು ಕೇಳಿದೆ.

"ಬಂದವರಿಗೆ ಚಿಮಣಿಯೇ ಬೇಕು ತಮಾ. ಬಲ್ಬು ಹಾಕಿದ್ರೆ ಬೇಜಾರು ಮಾಡ್ಕಳ್ತಾರೆ. ಚಿಮಿಣೆಣ್ಣೆ ಸಿಗೂದೇ ಇಲ್ಲ ಈಗ. ಅದ್ಕೇ ಐವತ್ತು ರೂಪಾಯಿ ಜಾಸ್ತಿ."

ಅಜ್ಞಾತವಾಸಿ ಚಿಮಣಿಯನ್ನು ನಾಲ್ಕು ಕೋನಗಳಿಂದ ಫೋಟೊ ತೆಗೆದರು. ಆಮೇಲೆ ಹೊಗೆಗೆ ಕಣ್ಣುರಿಯೆಂದು ಆರಿಸಿ ತಲೆಯ ಟಾರ್ಚು ಹಾಕಿಕೊಂಡರು.

ಊಟದ ವಿಷಯದಲ್ಲೂ ಅವರಿಗೆ ಆದರ್ಶಗಳಿದ್ದವು. ಪಕ್ಕದ ಗುಡಿಸಲು ಹೋಟೆಲಿನಲ್ಲಿ ಹುಬ್ಬಳ್ಳಿ ದಾಟಿ ಆಚೆಗೆ ಹೋಗಿರದ ಹುಡುಗನೊಬ್ಬ ಹಮ್ಮಸ್, ಶಕ್ಷುಕಾ ಮಾಡುತ್ತಿದ್ದ. ಇಸ್ರೇಲಿನಿಂದ ಬಂದವರು ವರ್ಷಗಟ್ಟಲೆ ಕೂತು ಕಲಿಸಿ ಹೋದದ್ದು. ಅದು ಬೇಡ, ಊರಿನವರು ತಿನ್ನುವುದೇ ಬೇಕು ಎಂದರು ಇವರು. ಅಜ್ಜಿ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ತಂದಿಟ್ಟಳು. ಇವರು ಒಣಮೀನಿನ ವಾಸನೆಗೆ ಸ್ವಲ್ಪ ಹಿಂದೆ ಸರಿದು, "ಅಜ್ಜಿ, ಮ್ಯಾಗಿ ಇದ್ಯಾ?" ಎಂದರು. ಇತ್ತು. ಅಜ್ಜಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ನಾನು ಆ ಗಂಜಿ ಎರಡು ಸಲ ಹಾಕಿಸಿಕೊಂಡೆ. ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ.

ಸಂಜೆ ಐದೂವರೆಯಾಗುತ್ತಲೇ ಕಡಲ ದಂಡೆ ಖಾಲಿಯಾಗತೊಡಗಿತು. ಎಲ್ಲರೂ ಹಿಂದಿನ ಗುಡ್ಡ ಹತ್ತುತ್ತಿದ್ದಾರೆ. "ಸನ್‌ಸೆಟ್ ನೋಡಕ್ಕೆ" ಎಂದರು ಅಜ್ಞಾತವಾಸಿ. ಮೇಲೆ ಹೋದರೆ ಅಲ್ಲೊಂದು ಬಂಡೆ. ಬಂಡೆಯ ಮೇಲೆ ಹತ್ತಿಪ್ಪತ್ತು ಜನ. ಎದುರಿಗೆ ಅರಬ್ಬೀ ಸಮುದ್ರ, ಅದರಲ್ಲಿ ಕುಂಕುಮದ ಬಣ್ಣಕ್ಕೆ ತಿರುಗಿದ ಸೂರ್ಯ, ಮೀನಿಗೆ ಹೊರಟ ದೋಣಿಗಳು. ಬಂಡೆಯ ಮೇಲಿದ್ದವರೆಲ್ಲ ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದರು. ಟವರು ಇರುವುದು ಆ ದಿಕ್ಕಿಗೆ. ಅಲ್ಲಿ ನಿಂತು ಕೈ ಎತ್ತಿ ಹಿಡಿದರೆ ಎರಡು ಕಡ್ಡಿ ರೇಂಜ್ ಸಿಗುತ್ತದೆ. ಎರಡು ದಿನ ಲೋಕದ ಗೊಡವೆಯೇ ಬೇಡವೆಂದು ಬಂದ ಅಷ್ಟೂ ವಿರಕ್ತರು ಸೂರ್ಯ ನಮಸ್ಕಾರ ತಿರುಗುಮುರುಗಾದಂತೆ ನಿಂತು ತಾವು ಜಗತ್ತಿನಿಂದ ದೂರವಿರುವ ಸುದ್ದಿಯನ್ನು ಜಗತ್ತಿಗೆ ಕಳಿಸುತ್ತಿದ್ದರು. ಬಂಡೆಯ ಪಕ್ಕದ ಗೇರು ಮರಕ್ಕೆ ಯಾರೋ ಕ್ಯುಆರ್ ಕೋಡಿನ ಹಾಳೆಯನ್ನು ಪ್ಲಾಸ್ಟಿಕ್ ಹೊದೆಸಿ ಮೊಳೆ ಹೊಡೆದಿದ್ದರು. ಗುಡಿಸಲ ಬಾಡಿಗೆ, ದೋಣಿಯ ದುಡ್ಡು, ಮ್ಯಾಗಿಯ ಬಿಲ್ಲು ಎಲ್ಲ ಇತ್ಯರ್ಥವಾಗುವುದು ಅಲ್ಲೇ. ದುಡ್ಡು ಬಂತೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಊರಿನ ಹುಡುಗರೂ ಗಿರಾಕಿಗಳ ಹಿಂದೆಯೇ ಗುಡ್ಡ ಹತ್ತಿ ಬಂದಿದ್ದರು.

ಅಂಥ ಬಂಡೆಗಳು ಕರಾವಳಿಯಲ್ಲೂ ಮಲೆನಾಡಿನಲ್ಲೂ ಬೇಕಾದಷ್ಟಿವೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳು ಕೊಡೆ ಹಿಡಿದುಕೊಂಡು ಇಂಥವೇ ಗುಡ್ಡಗಳ ಮೇಲೆ ಕೂತು ಆನ್‌ಲೈನ್ ಪಾಠ ಕೇಳಿದರು. ಆಗ ಅದಕ್ಕೆ ಯಾರೂ ಡಿಜಿಟಲ್ ಉಪವಾಸ ಎಂದು ಹೆಸರಿಟ್ಟಿರಲಿಲ್ಲ.

ಬಂಡೆಯ ಮೇಲೆ ಇನ್ನೊಬ್ಬ ಅಜ್ಞಾತವಾಸಿ ಸಿಕ್ಕರು, ಪುಣೆಯವರು. ಇಬ್ಬರು ಅಜ್ಞಾತವಾಸಿಗಳು ಎದುರಾದರೆ ಮೊದಲು ಹೆಸರು ಕೇಳುವುದಿಲ್ಲ, ಇಸವಿ ಕೇಳುತ್ತಾರೆ.

"ನಾನು 2011ರಿಂದ ಬರ್ತಾ ಇದೀನಿ. ಆಗ ಇಲ್ಲಿ ಇದ್ದಿದ್ದು ಒಂದೇ ಗುಡಿಸ್ಲು" ಎಂದರು ನಮ್ಮವರು, ಇಂಗ್ಲಿಷು ಹಿಂದಿ ಬೆರೆಸಿ.

ಪುಣೆಯವರು ಕರುಣೆಯಿಂದ ನಕ್ಕರು. ಅವರು ಬಂದದ್ದು 2006ರಲ್ಲಿ. ಆಗ ಆ ಒಂದು ಗುಡಿಸಲೂ ಇರಲಿಲ್ಲ. ಏನೂ ಇರಲಿಲ್ಲ. ಬರೀ ಮರಳು, ಬರೀ ಸಮುದ್ರ.

ದೋಣಿಯ ದುಡ್ಡಿಗೆ ಕಾಯುತ್ತ ನಿಂತಿದ್ದ ಹರಿಕಂತ್ರ ಯುವಕ ಇದನ್ನೆಲ್ಲ ಕೇಳಿ ನನ್ನ ಕಡೆ ತಿರುಗಿದ. "ಎಂತ ಹೇಳ್ತಾರೆ ಇವ್ರು? ಏನೂ ಇರ್ಲಿಲ್ಲ ಅಂದ್ರೆ? ಅಲ್ಲಿ ಕಾಣ್ತದಲ್ಲ, ಅದು ನಮ್ಮನೆ. ಅಜ್ಜ ಕಟ್ಟಿದ್ದು."

ಕೆಳಗಿಳಿಯುವಾಗ ಅಜ್ಞಾತವಾಸಿ ಆ ಯುವಕನ ಜೊತೆ ಚೌಕಾಸಿಗೆ ನಿಂತರು. ಮರುದಿನ ಓಂ ಬೀಚಿನವರೆಗೆ ಬಿಡಲು ಅವನು ಮುನ್ನೂರು ಕೇಳಿದ್ದ. ಬೆಳಗ್ಗೆ ನಡೆದು ಬಂದ ಮೊಣಕಾಲು ಈಗ ದೋಣಿಯ ಪರ ವಾದಿಸುತ್ತಿತ್ತು. "ಮೊದ್ಲು ಇಲ್ಲಿನ ಜನ ಹೀಗಿರ್ಲಿಲ್ಲ ಸಾರ್, ಕಮರ್ಷಿಯಲ್ ಆಗ್ಬಿಟ್ರು" ಎಂದು ನನ್ನ ಕಿವಿಯಲ್ಲಿ ಹೇಳಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮಿಕ್ಕಿ ಮಳೆ, ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಳೆಗಾಲದ ನಾಲ್ಕು ತಿಂಗಳಲ್ಲೇ. ಗುಡಿಸಲಿನ ಮಡಲು ಬಿಚ್ಚಿಟ್ಟು ಜನ ಒಳಗೆ ಕೂರುತ್ತಾರೆ. ಮುನ್ನೂರು ರೂಪಾಯಿಯಲ್ಲಿ ಆ ಮಳೆಗಾಲವೂ ಸೇರಿದೆ. ಅಜ್ಞಾತವಾಸಿಗೆ ಇದು ಕಂಡಿಲ್ಲ, ಏಕೆಂದರೆ ಅವರು ನವೆಂಬರಿಗಿಂತ ಮುಂಚೆ ಎಂದೂ ಬಂದವರಲ್ಲ.

ರಾತ್ರಿ ಗಾಳಿ ನಿಂತಿತು. ಸೊಳ್ಳೆಗಳು ಬಂದವು. ಅಜ್ಞಾತವಾಸಿಯ ಯುಎಸ್‌ಬಿ ಫ್ಯಾನು ಒಂದು ಗಂಟೆ ತಿರುಗಿ ನಿಂತಿತು. ಪವರ್ ಬ್ಯಾಂಕ್ ಎರಡೂ ಫೋಟೊ ಕಳಿಸುವುದರಲ್ಲೇ ಖಾಲಿಯಾಗಿದ್ದವು. ಮಧ್ಯರಾತ್ರಿ ಎದ್ದು ಕೂತು, ಕತ್ತಲೆಯಲ್ಲಿ, ಇನ್ನು ಜನ್ಮದಲ್ಲಿ ಬರುವುದಿಲ್ಲವೆಂಬ ದನಿಯಲ್ಲಿ "ಸೈಲೆನ್ಸ್ ಎಷ್ಟು ಚೆನ್ನಾಗಿದೆ ಅಲ್ವಾ ಸಾರ್" ಎಂದರು. ಇಂಥ ನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೆಳಗ್ಗೆ ಅಜ್ಜಿ ಒರಳಿನ ಮುಂದೆ ಕೂತು ಬಂಗಡೆ ಸಾರಿಗೆ ಮಸಾಲೆ ಅರೆಯುತ್ತಿದ್ದಳು. ಇವರು ವೀಡಿಯೊ ಮಾಡತೊಡಗಿದರು. ಅಜ್ಜಿ ತೋಳು ನೀವಿಕೊಂಡು, ಅರೆಯುತ್ತಲೇ ಮಾತು ತೆಗೆದಳು.

"ತಮಾ, ಬೆಂಗಳೂರಲ್ಲಿ ಕರೆಂಟಿನ ಆಫೀಸಲ್ಲಿ ನಿನ್ನ ಗುರ್ತದವ್ರು ಯಾರಾದ್ರೂ ಇದ್ದಾರಾ? ಗುಡ್ಡದ ಆಚೆವರೆಗೆ ಲೈನು ಬಂದಿದೆ. ಇಲ್ಲಿಗೆ ಇನ್ನು ಆರು ಕಂಬ ಬೇಕಂತೆ. ಎಷ್ಟು ಸಲ ಹೇಳೂದು. ನೀನಾದ್ರೂ ಹೇಳೂಕೆ ಆಗ್ತದಾ?"

ಅಜ್ಞಾತವಾಸಿಯ ಮೊಬೈಲು ಕೈಜಾರುವುದರಲ್ಲಿತ್ತು. "ಅಯ್ಯೋ ಬೇಡ ಅಜ್ಜಿ! ಕರೆಂಟ್ ಬಂದ್ರೆ ಈ ಜಾಗ ಹಾಳಾಗ್ಬಿಡತ್ತೆ!"

"ನಿಮ್ಮನೇಲಿ ಕರೆಂಟಿಲ್ವಾ?"

"ಇದೆ. ಅದಕ್ಕೇ ತಪ್ಪಿಸ್ಕೊಂಡು ಇಲ್ಲಿಗೆ ಬರೋದು."

ಅಜ್ಜಿ ರುಬ್ಬುಗುಂಡು ನಿಲ್ಲಿಸಿ ಸ್ವಲ್ಪ ಯೋಚಿಸಿದಳು. "ಅಲ್ಲಿ ಮೇನ್ ಸ್ವಿಚ್ಚು ಅಂತ ಇರೂದಿಲ್ವಾ? ಅದನ್ನ ಆರಿಸಿ ಮನೇಲೇ ಕೂತಿದ್ರೆ ಬಸ್ ಚಾರ್ಜು ಉಳೀತಿತ್ತು."

ಇದಕ್ಕೆ ಅಜ್ಞಾತವಾಸಿಯ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇಲ್ಲ. ಅಜ್ಜಿಗೆ ಬೇಕಾದದ್ದು ಮಿಕ್ಸಿ ಮತ್ತು ಫ್ರಿಜ್ಜು. ಮಿಕ್ಸಿ ತೋಳಿಗೆ, ಫ್ರಿಜ್ಜು ಮೀನಿಗೆ. ಮಂಜುಗಡ್ಡೆ ದೋಣಿಯಲ್ಲಿ ತದಡಿ ಕಡೆಯಿಂದ ಬರಬೇಕು. ಬರುವುದು ತಡವಾದರೆ ಮಗ ಹಿಡಿದ ಮೀನನ್ನು ಕೇಳಿದ ಬೆಲೆಗೆ ಕೊಟ್ಟು ಕೈ ತೊಳೆಯಬೇಕು. ಮನೆ ಮಾಡಿನ ಸೋಲಾರ್ ಎರಡು ಬಲ್ಬಿಗೆ ಸಾಕು, ಫ್ರಿಜ್ಜಿಗೆ ಸಾಲದು.

ಈ ಕರೆಂಟಿಲ್ಲದ ಗುಡಿಸಲು ಇರುವುದು ಯಾವ ಜಿಲ್ಲೆಯಲ್ಲಿ? ಉತ್ತರ ಕನ್ನಡ. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು, ನಾಗಝರಿಯಲ್ಲಿ ವಿದ್ಯುದಾಗಾರ, ಕೊಡಸಳ್ಳಿ, ಕದ್ರಾ. ಶರಾವತಿಗೆ ಗೇರುಸೊಪ್ಪೆಯಲ್ಲಿ ಮತ್ತೊಂದು. ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಅಣುಸ್ಥಾವರ. ಅವುಗಳಲ್ಲಿ ಮೊದಲನೆಯದು 2018ರ ಡಿಸೆಂಬರ್ ಕೊನೆಗೆ 962 ದಿನ ಎಡೆಬಿಡದೆ ನಡೆದು ಆಗಿನ ಮಟ್ಟಿಗೆ ಜಗತ್ತಿನ ದಾಖಲೆ ಬರೆಯಿತು. ಅಣೆಕಟ್ಟು ಬೇಡವೆಂದು ಉಳಿದವುಗಳಲ್ಲಿ ಅಘನಾಶಿನಿಯೂ ಒಂದು. ಅಷ್ಟು ಊರು ಮುಳುಗಿಸಿಕೊಂಡು, ಕಾಡು ಬಿಟ್ಟುಕೊಟ್ಟು ಆ ಜಿಲ್ಲೆ ನಾಡಿಗೆ ಕಳಿಸಿದ ಕರೆಂಟಿನಲ್ಲಿ ಅಜ್ಞಾತವಾಸಿಯ ಅಪಾರ್ಟ್‌ಮೆಂಟಿನ ಲಿಫ್ಟು ಹದಿನಾಲ್ಕನೇ ಮಹಡಿಗೆ ಏರುತ್ತದೆ, ಅವರ ಬೆಳಗಿನ ಓಟದ ಯಂತ್ರ ನಿಂತಲ್ಲೇ ಓಡುತ್ತದೆ. ಅದರಿಂದ ಅವರಿಗೆ ದಣಿವಾಗುತ್ತದೆ. ದಣಿವಾರಿಸಿಕೊಳ್ಳಲು ಅದೇ ಜಿಲ್ಲೆಯಲ್ಲಿ ಕರೆಂಟಿಲ್ಲದ ಊರು ಬೇಕು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಬೆನ್ನುನೋವು ನಿಜ, ರಾತ್ರಿ ಹನ್ನೊಂದಕ್ಕೆ ಬರುವ ಮೀಟಿಂಗಿನ ಕರೆ ನಿಜ, ಅಲೆಯಲ್ಲಿ ಕಾಲಿಟ್ಟು ನಿಂತಾಗ ಅವರ ಮುಖದಲ್ಲಿ ಎರಡು ನಿಮಿಷ ಕಂಡ ನೆಮ್ಮದಿಯೂ ನಿಜ. ಸಮುದ್ರವನ್ನು ಅವರು ಬೇಕಾದಷ್ಟು ನೋಡಲಿ. ಆದರೆ ತಮ್ಮ ಎರಡು ದಿನದ ಔಷಧಿಗೆಂದು ಇನ್ನೊಬ್ಬರ ಮನೆ ವರ್ಷವಿಡೀ ಕತ್ತಲಲ್ಲಿರಬೇಕೆಂದು ಬಯಸುವುದು ನನಗೆ ಸರಿ ಕಾಣುವುದಿಲ್ಲ.

ಹೊರಡುವಾಗ ಅಜ್ಜಿಯ ಮೊಮ್ಮಗಳು ಒಂದು ಅರ್ಜಿ ತಂದು ಕೊಟ್ಟಳು. ಕುಮಟಾದಲ್ಲಿ ಪಿಯುಸಿ ಓದುವ ಹುಡುಗಿ. ಗೆರೆ ಹಾಳೆಯಲ್ಲಿ ದುಂಡಗೆ ಬರೆದಿದ್ದಳು. 'ವಿಷಯ: ವಿದ್ಯುತ್ ಸಂಪರ್ಕ ಕೋರಿ.' ಕೆಳಗೆ ಊರಿನವರೆಲ್ಲರ ಸಹಿ, ಎರಡು ಹೆಬ್ಬೆಟ್ಟು. ಬೆಂಗಳೂರಿನಲ್ಲಿ ಮೇಲಿನವರಿಗೆ ತಲುಪಿಸಿ ಎಂದಳು. ಅಜ್ಞಾತವಾಸಿ ಕರಗಿಹೋದರು. ಎದೆಗೊತ್ತಿಕೊಂಡು "ಖಂಡಿತ" ಎಂದರು.

ಬುಧವಾರದ ಹೊತ್ತಿಗೆ ಆ ಅರ್ಜಿ ಅವರ ಇನ್‌ಸ್ಟಾಗ್ರಾಮಿನಲ್ಲಿತ್ತು. ಪಕ್ಕದಲ್ಲಿ ಚಿಮಣಿ ದೀಪದ ಫೋಟೊ. ಕೆಳಗೆ ಹೃದಯಗಳ ಮಳೆ. 'ಎಷ್ಟು ಮುಗ್ಧ ಜನ' ಎಂದು ಒಬ್ಬರು, 'ದೇವರೇ, ಅಲ್ಲಿಗೆ ಕರೆಂಟ್ ಎಂದೂ ಬಾರದಿರಲಿ' ಎಂದು ಇನ್ನೊಬ್ಬರು, 'ಲೊಕೇಶನ್ ಪ್ಲೀಸ್' ಎಂದು ಉಳಿದವರೆಲ್ಲ. ಅಸಲು ಹಾಳೆ ಎಲ್ಲಿ ಎಂದು ಕೇಳಿದೆ. ಓದುತ್ತಿದ್ದ ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದಾರೆ. ಪುಸ್ತಕ ಹದಿನೇಳನೇ ಪುಟದಲ್ಲಿದೆ.

ಆ ಹಾಳೆಯನ್ನು ಈಗ ಕೇಳಿ ಇಸಿದುಕೊಂಡಿದ್ದೇನೆ. ಓದುಗರಲ್ಲಿ ಕರೆಂಟಿನ ಇಲಾಖೆಯವರು ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ನಿಮಗೆ ಊರಿನ ಹೆಸರು ಹೇಳುತ್ತೇನೆ. ಬೇಕಾಗಿರುವುದು ಆರು ಕಂಬ.